ಮರದ ಕೆಳಗೆ ಮಲಗುವವರು

ಪುಣೆಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಲೋಣಾವಳಾ ಅಂದರೆ ಚಿಕ್ಕಿ, ಮಳೆ, ಭುಶಿ ಅಣೆಕಟ್ಟಿನ ಮೆಟ್ಟಿಲು ಮತ್ತು ಭಾನುವಾರ ಸಂಜೆಯ ಟ್ರಾಫಿಕ್ಕು. ಬೆಂಗಳೂರು, ಧಾರವಾಡಗಳಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುವ ಊರು. ಅದೇ ಊರನ್ನು ನಾನಿಲ್ಲಿ ಬೇರೊಂದು ಪ್ರಶ್ನೆ ಇಟ್ಟುಕೊಂಡು ನೋಡಬೇಕೆಂದಿದ್ದೇನೆ. ಹಳ್ಳಿಯ ಮನೆಯೊಂದರ ಪಕ್ಕದ ಮರ ಬೀಳುವ ಹಾಗಿದೆ. ಅದನ್ನು ಕಡಿಯಬೇಕು ಎಂದು ಹೇಳುವ ಹಕ್ಕು ಯಾರದು? ಕಡಿಯಲು ಯಾರನ್ನು ಕೇಳಬೇಕು? ಕೊಡಲಿ, ಗರಗಸದ ಮಾತು ಆಮೇಲೆ ಬರುತ್ತದೆ. ಮೊದಲು ಎದುರಾಗುವುದು ಈ ಪ್ರಶ್ನೆ. ಈ ಘಟ್ಟದ ಸೀಮೆ ಇದಕ್ಕೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಜೋಡಿಸುತ್ತ ಹೋದರೆ ಅದೇ ಒಂದು ಚರಿತ್ರೆಯಾಗುತ್ತದೆ.

ಊರಿನ ಹೆಸರಿನಿಂದಲೇ ಶುರುಮಾಡಬಹುದು. ‘ಲೇಣ’ ಅಂದರೆ ಬಂಡೆ ಕೊರೆದು ಮಾಡಿದ ಗುಹೆ, ‘ಆವಳಿ’ ಅಂದರೆ ಸಾಲು. ಗುಹೆಗಳ ಸಾಲಿನ ಊರೇ ಲೋಣಾವಳಾ ಆಯಿತು ಎನ್ನುವವರಿದ್ದಾರೆ. ಹತ್ತಿರದ ಕಾರ್ಲಾ ಗುಡ್ಡ ಹತ್ತಿ ಚೈತ್ಯದೊಳಗೆ ನಿಂತು ತಲೆಯೆತ್ತಿದರೆ, ಕಲ್ಲಿನ ಕಮಾನಿನ ಉದ್ದಕ್ಕೂ ಜೋಡಿಸಿದ ಬಾಗಿದ ಮರದ ತೊಲೆಗಳು ಕಾಣುತ್ತವೆ. ಬಂಡೆಯೊಳಗೆ ಕೊರೆದ ಚಾವಣಿಗೆ ಆಸರೆ ಬೇಕಿಲ್ಲ. ಆದರೂ ಮರದ ಕಟ್ಟಡ ಕಟ್ಟಿ ಅಭ್ಯಾಸವಾಗಿದ್ದ ಕೈಗಳು ತೇಗವನ್ನು ತಂದು ಅಲ್ಲಿ ಕೂರಿಸಿದವು. ಸುಮಾರು ಎರಡು ಸಾವಿರ ವರ್ಷಗಳಿಂದ ಅವು ಅಲ್ಲೇ ಇವೆ. ಈ ಚೈತ್ಯವನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅಲ್ಲಿನ ಬ್ರಾಹ್ಮೀ ಶಾಸನ ಹೇಳುತ್ತದೆ. ವೈಜಯಂತಿಯನ್ನು ವಿದ್ವಾಂಸರು ಸಾಮಾನ್ಯವಾಗಿ ನಮ್ಮ ಬನವಾಸಿ ಎಂದೇ ಗುರುತಿಸುತ್ತಾರೆ. ಬಾಗಿಲು ಮಾಡಿದವನು ಧೇನುಕಾಕಟದ ಬಡಗಿ ಸಾಮಿ ಎಂದು ಇನ್ನೊಂದು ಶಾಸನ. ಅಲ್ಲಿನ ಪ್ರಾಕೃತದ ‘ವಢಕಿ’ಗೂ ನಮ್ಮ ‘ಬಡಗಿ’ಗೂ ಮೂಲ ಒಂದೇ.

ದುಡ್ಡು ಕೊಟ್ಟವನ ಹೆಸರು ಉಳಿಯಿತು. ಅಪರೂಪಕ್ಕೆ ಕೆಲಸ ಮಾಡಿದವನ ಹೆಸರೂ ಉಳಿಯಿತು. ಆ ತೇಗದ ಮರಗಳು ಎಲ್ಲಿ ನಿಂತಿದ್ದವು, ಯಾರು ಕಡಿದರು, ಬೀಳುವಾಗ ಕೆಳಗೆ ಯಾರಿದ್ದರು ಎಂಬುದು ಉಳಿಯಲಿಲ್ಲ. ಮುಂದಿನ ಕಾಲದ ಕಾಗದಪತ್ರಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಮರ ಯಾರದು, ಎಷ್ಟು ಬೆಲೆಯದು ಎಂದು ಬರೆದಿಟ್ಟಷ್ಟು, ಅದರ ಕೆಳಗೆ ಬದುಕುವವರು ಯಾರು ಎಂದು ಯಾರೂ ಬರೆದಿಡಲಿಲ್ಲ.

ಇದಕ್ಕೆ ಒಂದು ದೊಡ್ಡ ಅಪವಾದ ಮರಾಠರ ಕಾಲದ ‘ಆಜ್ಞಾಪತ್ರ’. ಶಿವಾಜಿಯ ಕಾಲದಿಂದ ರಾಜ್ಯದ ಸೇವೆಯಲ್ಲಿದ್ದ ರಾಮಚಂದ್ರಪಂತ ಅಮಾತ್ಯ 1715ರ ಸುಮಾರಿಗೆ ಕೊಲ್ಹಾಪುರದ ಗಾದಿಗಾಗಿ ಬರೆದ ರಾಜನೀತಿಯ ಪುಸ್ತಕ ಅದು. ಅದರಲ್ಲಿ ನೌಕಾಪಡೆಯ ಮಾತು ಬರುವಾಗ ಮರದ ಮಾತೂ ಬರುತ್ತದೆ. ಹಡಗಿಗೆ ಬೇಕಾದ ತೇಗವನ್ನು ಅಪ್ಪಣೆ ಪಡೆದು ಕಾಡಿನಿಂದ ತರಬೇಕು. ಸಾಲದಿದ್ದರೆ ಹೊರಗಿನಿಂದ ಕೊಳ್ಳಬೇಕು. ಮಾವು, ಹಲಸು ಹಡಗಿಗೆ ಒದಗುತ್ತವಾದರೂ ಅವನ್ನು ಮುಟ್ಟಕೂಡದು. ಅವು ಒಂದೆರಡು ವರ್ಷದಲ್ಲಿ ಬೆಳೆಯುವುದಿಲ್ಲ, ರೈತರು ಮಕ್ಕಳಂತೆ ಸಾಕಿದ್ದಾರೆ, ಕಡಿದರೆ ಅವರ ದುಃಖಕ್ಕೆ ಪಾರವಿರುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಇದರ ಮುಂದಿನ ಮಾತು. ಯಾವುದಾದರೂ ಮರ ತೀರ ಹಳೆಯದಾಗಿ ಕೆಲಸಕ್ಕೆ ಬಾರದಂತಾಗಿದ್ದರೆ, ಯಜಮಾನನನ್ನು ಒಪ್ಪಿಸಿ, ಹಣ ಕೊಟ್ಟು, ಅವನು ಸಂತೋಷದಿಂದ ಬಿಟ್ಟುಕೊಟ್ಟ ಮೇಲೆ ಕಡಿಯಬಹುದು. ಬಲಾತ್ಕಾರ ಮಾತ್ರ ಎಂದೂ ಸಲ್ಲದು. ಜೀರ್ಣವಾದ ಮರವನ್ನು ತೆಗೆಯುವುದಕ್ಕೆ ಈ ಸೀಮೆ ಕೊಟ್ಟ ಹಳೆಯ ವಿಧಾನ ಇದು: ಒಪ್ಪಿಗೆ, ಪರಿಹಾರ, ಸಂತೋಷ. ಲೋಹಗಡ, ವಿಸಾಪುರ, ರಾಜಮಾಚಿ ಕೋಟೆಗಳ ನೆರಳಿನಲ್ಲಿರುವ ಹಳ್ಳಿಗಳಲ್ಲಿ ಇದು ಎಷ್ಟರಮಟ್ಟಿಗೆ ನಡೆಯಿತೋ, ನಿಯಮವಾಗಿ ನಿಂತಿತ್ತು ಎನ್ನುವುದೇ ದೊಡ್ಡದು.

ಇಂಗ್ಲಿಷರ ಕಾಲದಲ್ಲಿ ಪ್ರಶ್ನೆಯೇ ಬದಲಾಯಿತು. 1847ರಲ್ಲಿ ಮುಂಬಯಿ ಸರ್ಕಾರ ಡಾ. ಅಲೆಕ್ಸಾಂಡರ್ ಗಿಬ್ಸನ್‌ನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಆತ ಅದಕ್ಕೆ ಮುಂಚೆ ಪುಣೆಯ ದಾಪೋಡಿಯಲ್ಲಿದ್ದ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ವೈದ್ಯ. ಕಾಡು ಕಡಿದರೆ ತೊರೆ, ಬುಗ್ಗೆಗಳು ಬತ್ತುತ್ತವೆ ಎಂದು ಸರ್ಕಾರಕ್ಕೆ ಬರೆದವನು. ಅದೇ ಹೊತ್ತಿಗೆ ರೈಲು ಬಂತು. ಭೋರ್ ಘಾಟಿನ ಹಳಿಯ ಕೆಲಸ 1856ರಲ್ಲಿ ಶುರುವಾಗಿ 1863ರಲ್ಲಿ ಮುಗಿಯಿತು. 37 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವಷ್ಟು ಕಡಿದಾದ ದಾರಿ. ಸಾವಿರಾರು ಕೂಲಿಗಳು ಕಾಲರಾ, ಜ್ವರ, ಸ್ಫೋಟಗಳಲ್ಲಿ ಸತ್ತರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡಾಗ, ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ಕೈಗೆತ್ತಿಕೊಂಡು ಮುಗಿಸಿದಳು. ದೇಶದ ತುಂಬ ಹಳಿ ಹರಡಿದಂತೆ ಸ್ಲೀಪರಿಗೂ ಇಂಜಿನ್ನಿನ ಸೌದೆಗೂ ಮರ ಬೇಕಾಯಿತು. ಕಾಡು ಸರ್ಕಾರದ ಖಜಾನೆಯ ಲೆಕ್ಕಕ್ಕೆ ಬಂತು.

1864ರಲ್ಲಿ ಅರಣ್ಯ ಇಲಾಖೆ, 1865ರಲ್ಲಿ ಮೊದಲ ಕಾಯಿದೆ, 1878ರಲ್ಲಿ ಬಿಗಿಯಾದ ಎರಡನೆಯದು. ಊರವರು ಸೊಪ್ಪು ಸೌದೆ ತರುತ್ತಿದ್ದ, ದನ ಮೇಯಿಸುತ್ತಿದ್ದ ಜಾಗಗಳು ಮೀಸಲು ಅರಣ್ಯಗಳಾದವು. ಪುಣೆಯ ಜೋತಿಬಾ ಫುಲೆ ‘ಶೇತಕರ್‍ಯಾಚಾ ಆಸೂಡ’ ಪುಸ್ತಕದಲ್ಲಿ ಈ ಇಲಾಖೆಯ ಮೇಲೆ ಹರಿಹಾಯ್ದರು. ಘಟ್ಟದ ಕೆಳಗಿನ ಠಾಣೆ ಜಿಲ್ಲೆಯ ಜನರ ಕೂಗು ಎಷ್ಟು ಜೋರಾಯಿತೆಂದರೆ, ಸರ್ಕಾರ 1885ರಲ್ಲಿ ಮುಂಬಯಿ ಅರಣ್ಯ ಆಯೋಗವನ್ನೇ ನೇಮಿಸಬೇಕಾಯಿತು. ಖೈರದ ಚಕ್ಕೆ ಕುದಿಸಿ ಕಾಚು ತೆಗೆಯುತ್ತಿದ್ದ, ಆ ಕಸುಬಿನಿಂದಲೇ ಹೆಸರು ಬಂದ ಕಾತಕರಿಗಳು ತಮ್ಮದೇ ಕಾಡಿನಲ್ಲಿ ಕಳ್ಳರಾದರು. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಉತ್ತರ ಕನ್ನಡದವರ ನೆತ್ತಿಗೂ ಇದೇ ಕಾನೂನು ಬಂತು. ಶಿರಸಿಯ ಅಡಿಕೆ ತೋಟದವರ ಸೊಪ್ಪಿನ ಬೆಟ್ಟದ ಜಗಳಗಳ ಬೇರು ಇಲ್ಲಿದೆ. ಮೈಸೂರಿನ ಕಡೆಯವರಿಗಂತೂ ಹಿತ್ತಲ ಮರ ನಮ್ಮದಲ್ಲ ಎನ್ನುವುದು ಹೊಸ ಮಾತಲ್ಲ. ಸ್ವಂತ ಜಮೀನಿನಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧವೂ ಸರ್ಕಾರದ್ದಾಗಿತ್ತು. ಅದು ಜಮೀನಿನವರದು ಎಂದು ಕಾಯಿದೆ ಒಪ್ಪಿಕೊಂಡದ್ದು 2001ರ ತಿದ್ದುಪಡಿಯಲ್ಲಿ.

ಅಮಾತ್ಯನ ಕಾಲದಲ್ಲಿ ರಾಜನು ರೈತನನ್ನು ಕೇಳಬೇಕಿತ್ತು. ಒಂದೂವರೆ ಶತಮಾನದಲ್ಲಿ ರೈತನೇ ರಾಜನನ್ನು ಕೇಳುವಂತಾಯಿತು.

ಸ್ವಾತಂತ್ರ್ಯದ ನಂತರವೂ ಕೇಳುವ ದಿಕ್ಕು ಬದಲಾಗಲಿಲ್ಲ, ಉದ್ದೇಶ ಬದಲಾಯಿತು. ಖಾಸಗಿ ಜಮೀನಿನ ಮರಗಳು ವ್ಯಾಪಾರಕ್ಕೆ ಬೋಳಾಗುತ್ತಿದ್ದುದನ್ನು ತಡೆಯಲು ಮಹಾರಾಷ್ಟ್ರ 1964ರಲ್ಲಿ ಮರ ಕಡಿತ ನಿಯಂತ್ರಣ ಕಾಯಿದೆ ಮಾಡಿತು. ಅದರ ಪಟ್ಟಿಯಲ್ಲಿ ತೇಗ, ಮಾವು, ಹಲಸು, ಹುಣಸೆ, ಹಿಪ್ಪೆ, ನೇರಳೆ, ಖೈರ, ಶ್ರೀಗಂಧ, ಮತ್ತಿ ಮುಂತಾದವು ಇವೆ. ಸ್ವಂತ ಹಿತ್ತಲಲ್ಲಿದ್ದರೂ ಇವನ್ನು ಕಡಿಯಲು ಅನುಮತಿ ಬೇಕು. ಒಣಗಿದ, ರೋಗ ಹಿಡಿದ, ಗಾಳಿಗೆ ಉರುಳಿದ, ಅಪಾಯ ತರುವ ಮರಗಳಿಗೆ ಅನುಮತಿ ಕೊಡಲು ದಾರಿಯನ್ನೂ ಇಟ್ಟಿದ್ದಾರೆ. ನಗರಗಳಿಗೆ 1975ರಲ್ಲಿ ಬೇರೆ ಕಾಯಿದೆ ಬಂತು. 2021ರ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ ಮರ ಪಾರಂಪರಿಕ ಮರ. ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿ ನೆಡಬೇಕು. ಲೋಣಾವಳಾ ನಗರ ಪರಿಷತ್ತಿನ ಒಳಗಿನ ಬಂಗಲೆಗೆ ಒಂದು ಕಾನೂನು, ಕೆಲವೇ ಮೈಲಿ ಆಚೆಯ ಹಳ್ಳಿಯ ಮನೆಗೆ ಇನ್ನೊಂದು. ನಮ್ಮಲ್ಲಿ 1976ರಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಬಂತು. ತೆಂಗು, ಸಿಲ್ವರ್ ಓಕ್, ನೀಲಗಿರಿ, ರಬ್ಬರಿನಂಥ ಕೆಲವನ್ನು ಬಿಟ್ಟರೆ ಅಲ್ಲೂ ವೃಕ್ಷ ಅಧಿಕಾರಿಯನ್ನು ಕೇಳಬೇಕು.

ಈ ಕಾಯಿದೆಗಳು ಬೇಡವಾಗಿದ್ದವು ಎಂದು ನಾನು ಹೇಳುತ್ತಿಲ್ಲ. ಇವಿಲ್ಲದಿದ್ದರೆ ಲೋಣಾವಳಾದ ಗುಡ್ಡಗಳು ಇನ್ನೂ ಬೇಗ ಬೋಳಾಗುತ್ತಿದ್ದವು. ನಾನು ಹೇಳುವುದಿಷ್ಟೆ: ಇವೆಲ್ಲ ಹುಟ್ಟಿದ್ದು ಮರವನ್ನು ಮನುಷ್ಯರಿಂದ ಕಾಪಾಡಲು. ಮನುಷ್ಯರನ್ನು ಮರದಿಂದ ಕಾಪಾಡುವ ಮಾತು ಇವುಗಳಲ್ಲಿ ಅಪವಾದವಾಗಿ ಬರುತ್ತದೆ.

ಅದಕ್ಕೆಂದೇ ಬರೆದ ಮಾತು ಇರುವುದು ಬೇರೆ ಕಡೆ, ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿ. 1973ರ ಸಂಹಿತೆಯ 133ನೇ ಕಲಮು ಸಾರ್ವಜನಿಕ ಉಪದ್ರವವನ್ನು ತೆಗೆಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಯಾವುದೇ ಮರ ಬೀಳುವ ಸ್ಥಿತಿಯಲ್ಲಿದ್ದು, ನೆರೆಯಲ್ಲಿ ವಾಸಿಸುವವರಿಗೆ, ಅಲ್ಲಿ ವ್ಯಾಪಾರ ಮಾಡುವವರಿಗೆ, ದಾರಿಯಲ್ಲಿ ಹಾದುಹೋಗುವವರಿಗೆ ಗಾಯವಾಗುವಂತಿದ್ದರೆ, ಅದನ್ನು ತೆಗೆಯಲು ಇಲ್ಲವೇ ಆಸರೆ ಕೊಟ್ಟು ನಿಲ್ಲಿಸಲು ಆದೇಶ ಕೊಡಬಹುದು. ಮೊದಲು ಷರತ್ತಿನ ಆದೇಶ, ಮರದವರಿಗೆ ಬಂದು ಆಕ್ಷೇಪಿಸುವ ಅವಕಾಶ, ಆಮೇಲೆ ಖಾಯಂ ಆದೇಶ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ 152ನೇ ಕಲಮಾಗಿದೆ. ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಮರ ಯಾರದು ಎನ್ನುವುದಕ್ಕಿಂತ ಕೆಳಗೆ ಯಾರಿದ್ದಾರೆ ಎನ್ನುವುದು ಮುಂದೆ ಬಂದಿದೆ. ಎರಡು, ಕಡಿಯುವುದೊಂದೇ ದಾರಿಯಲ್ಲ, ಆಸರೆ ಕೊಡುವುದೂ ಒಂದು ದಾರಿ ಎಂದು ಕಾನೂನೇ ಹೇಳಿದೆ.

ಇಂಥ ಮಾತು ಇಲ್ಲದ ಕಡೆ ಏನಾಗುತ್ತದೆ ಎನ್ನುವುದಕ್ಕೆ 1885ರ ಟೆಲಿಗ್ರಾಫ್ ಕಾಯಿದೆ ನೋಡಬಹುದು. ತಂತಿಗೆ ಅಡ್ಡವಾದ ಮರವನ್ನು ಮ್ಯಾಜಿಸ್ಟ್ರೇಟರು ಕಡಿಸಬಹುದು, ಮರ ತಂತಿಗಿಂತ ಮೊದಲಿಂದ ಇದ್ದರೆ ಅದರವರಿಗೆ ಪರಿಹಾರ ಕೊಡಿಸಬೇಕು. ತಂತಿಗೂ ಮರಕ್ಕೂ ಲೆಕ್ಕ ಸರಿಯಾಗಿದೆ. ಮನುಷ್ಯರ ಲೆಕ್ಕ ಕಷ್ಟದ್ದು. 1975ರಲ್ಲಿ ರಾಜಕೋಟಿನಲ್ಲಿ ರಸ್ತೆ ಬದಿಯ ಮರ ಬಿದ್ದು ಹಾದುಹೋಗುತ್ತಿದ್ದವರೊಬ್ಬರು ಸತ್ತರು. ನಗರಪಾಲಿಕೆ ಪರಿಹಾರ ಕೊಡಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 1997ರಲ್ಲಿ. ಆ ಮೊಕದ್ದಮೆಯಲ್ಲಿ ಪಾಲಿಕೆಯ ನಿರ್ಲಕ್ಷ್ಯದ ಹೊಣೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಬಿದ್ದ ಮೇಲೆ ನ್ಯಾಯ ಹುಡುಕುವುದು ಎಷ್ಟು ದೂರದ ದಾರಿ ಎಂದು ತಿಳಿಯಲು ಇಷ್ಟು ಸಾಕು.

ಈ ಕಾಗದಗಳನ್ನೆಲ್ಲ ನಾನು ಓದಲು ಕೂತದ್ದು ಒಂದು ಮಾವಿನ ಮರದಿಂದಾಗಿ. ಪುಣೆಯ ನಾವು ನಾಲ್ಕು ಕುಟುಂಬ ಸೇರಿ ಕಾರ್ಲಾದ ಆಚೆಗಿನ ಹಳ್ಳಿಯೊಂದರಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ಮಾಲೀಕರು ಮುಂಬಯಿಯಲ್ಲಿರುವ ವಯಸ್ಸಾದವರು. ಮನೆ ನೋಡಿಕೊಳ್ಳುವುದು ಇಂಡಿ ತಾಲೂಕಿನಿಂದ ಬಂದ ಒಂದು ಕುಟುಂಬ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಹೆಂಡತಿ ಅಂಗಳ, ಗಿಡ ನೋಡಿಕೊಳ್ಳುತ್ತಾಳೆ, ಮೂರು ಮಕ್ಕಳು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಶೆಡ್ಡಿನ ಮೇಲೆ ಆ ಮಾವು. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಲಿಬಾಗಿನ ಕಡೆಯಿಂದ ಘಟ್ಟ ಹತ್ತಿ ಬಂದಾಗ ಮಾವಳ ತಾಲೂಕಿನಲ್ಲಿ ಮರ, ಕಂಬಗಳು ಉರುಳಿದ್ದವು. ಈ ಮಾವು ಉಳಿದಿತ್ತು, ಆದರೆ ಎರಡು ದೊಡ್ಡ ಕವಲುಗಳು ಸೇರುವ ಕಡೆ ಸೀಳು ಬಿಟ್ಟಿತ್ತು.

ಆ ತಾಯಿ ನನಗೆ ಹೇಳಿದ್ದು ಇಷ್ಟು. “ಅಣ್ಣಾರ, ಮಳಿ ಹಿಡೀತಂದ್ರ ರಾತ್ರಿ ಕಣ್ಣಿಗೆ ಕಣ್ಣ ಹತ್ತಂಗಿಲ್ರಿ. ಮ್ಯಾಲ ಕರ್ ಕರ್ ಅಂತೈತಿ. ಹುಡುಗ್ರನ್ನ ಬಾಗಲ ಕಡೆ ಮಲಗಸ್ತೀನಿ, ಓಡಾಕ ಬರ್ಲಿ ಅಂತ.” ಮಾಲೀಕರಿಗೆ ಹೇಳಿದಿರಾ ಎಂದು ಕೇಳಿದೆ. “ಹೇಳಾಕ ನಾವ್ಯಾರ್ರಿ? ನಮ್ಮ ಹೆಸರ ಎಲ್ಲೈತಿ?”

ನಿಜ, ಎಲ್ಲೂ ಇರಲಿಲ್ಲ. ಇಲ್ಲಿನ ಸಾತ್‌ಬಾರಾ ಉತಾರೆಯಲ್ಲಿ, ಅಂದರೆ ನಮ್ಮ ಪಹಣಿಯಲ್ಲಿ, ಮಾಲೀಕರ ಹೆಸರು. ಬಾಡಿಗೆ ಕರಾರಿನಲ್ಲಿ ನಮ್ಮ ಹೆಸರು. ಪ್ರತಿ ರಾತ್ರಿ ಮರದ ಕೆಳಗೆ ಮಲಗುವ ಐದು ಜನರ ಹೆಸರು ಯಾವ ಕಾಗದದಲ್ಲೂ ಇಲ್ಲ. ನಾವು ತಿಂಗಳಿಗೆರಡು ಸಲ ಹೋಗುವವರು, ಅದೂ ಮುಂದಿನ ಕೋಣೆಯಲ್ಲಿ ಮಲಗುವವರು.

ಮರ ನಿಜಕ್ಕೂ ಅಪಾಯದ್ದೇ ಎಂದು ಮೊದಲು ಗೊತ್ತಾಗಬೇಕಿತ್ತು. ಹೆದರಿಕೆಯಿಂದ ಕಡಿದ ಒಳ್ಳೆಯ ಮರಗಳಿಗೆ ಲೆಕ್ಕವಿಲ್ಲ. ಪೊಟರೆ ಇದೆ ಎಂದಮಾತ್ರಕ್ಕೆ ಮರ ಬೀಳುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಮರಗಳನ್ನು ಉದ್ದಕ್ಕೆ ಸೀಳಿ ಅಧ್ಯಯನ ಮಾಡಿ, 1970ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟ. ಮರ ನಮ್ಮ ಮೈಯಂತೆ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಕೂಡಿಹಾಕುತ್ತದೆ. ಹಾಗಾಗಿ ಒಳಗೆ ಟೊಳ್ಳಾದ ಮರ ದಶಕಗಟ್ಟಲೆ ನಿಲ್ಲಬಲ್ಲದು. ಜರ್ಮನಿಯ ಕ್ಲೌಸ್ ಮಾಥೆಕ್ ಅನೇಕ ಟೊಳ್ಳು ಮರಗಳನ್ನು ಅಳೆದು ಒಂದು ಅಂದಾಜು ಕೊಟ್ಟ: ಉಳಿದ ಗಟ್ಟಿ ಹೊರಕವಚದ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದಕ್ಕಿಂತ ಕಡಿಮೆಯಾದರೆ ಅಪಾಯ ಏರುತ್ತದೆ. ಇದರ ಜೊತೆಗೆ ನೋಡಬೇಕಾದವು ಬೇರೆಯೂ ಇವೆ. ಬುಡದಲ್ಲಿ ಮರದಣಬೆ ಎದ್ದಿದೆಯೇ, ಬಾಗಿದ ಕಡೆಗೆ ಎದುರುಬದಿಯಲ್ಲಿ ಮಣ್ಣು ಬಿರಿದು ಮೇಲೆದ್ದಿದೆಯೇ, ಬಾಗು ಹಳೆಯದೋ ಈಚಿನದೋ, ಕವಲಿನ ಸೀಳು ಬೆಳೆಯುತ್ತಿದೆಯೇ. ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿದರೆ ಗಟ್ಟಿಯ ದನಿಗೂ ಡೊಳ್ಳಿನ ದನಿಗೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ನಮ್ಮ ಮಾವಿನ ಬುಡದಲ್ಲಿ ಶೆಡ್ಡಿನ ಕಡೆಗೇ ಅಣಬೆ ಎದ್ದಿತ್ತು. ಎರಡು ಮಳೆಗಾಲದಲ್ಲಿ ಸೀಳು ಒಂದು ಗೇಣು ಕೆಳಗಿಳಿದಿತ್ತು. ಕವಲುಗಳನ್ನು ಹಗ್ಗ, ಕಬ್ಬಿಣದಿಂದ ಕಟ್ಟಿ ನಿಲ್ಲಿಸಬಹುದೇ ಎಂದು ತಿಳಿದವರನ್ನು ಕೇಳಿದೆವು. ಬುಡವೇ ಕೊಳೆತಾಗ ಮೇಲೆ ಕಟ್ಟಿ ಪ್ರಯೋಜನವಿಲ್ಲ ಎಂದರು.

ಮಾಲೀಕರಿಗೆ ಅದು ತಂದೆ ನೆಟ್ಟ ಮರ. ಫೋನಿನಲ್ಲಿ ಒಪ್ಪಲಿಲ್ಲ. ಅಮಾತ್ಯನ ಮಾತು ನನಗೆ ನೆನಪಾದದ್ದು ಆಗಲೇ: ಒಪ್ಪಿಸಬೇಕು, ಬಲಾತ್ಕಾರ ಸಲ್ಲದು. ಅವರನ್ನು ಕರೆಸಿದೆವು. ಸುತ್ತಿಗೆ ಅವರ ಕೈಗೇ ಕೊಟ್ಟೆವು. ತಟ್ಟಿದರು, ಕೇಳಿದರು, ಶೆಡ್ಡಿನ ಒಳಗೆ ಹೋಗಿ ಬಂದರು. ಆಮೇಲೆ ಸಹಿ ಹಾಕಿದರು. ಕಡಿಯುವ ಮುಂಚೆ ಆ ಮರದ ಕಸಿ ಮಾಡಿಸಿಕೊಡಬೇಕು ಎಂದಷ್ಟೇ ಕೇಳಿದರು. ನರ್ಸರಿಯವರು ಬಂದು ಕಡ್ಡಿ ತೆಗೆದುಕೊಂಡು ಹೋದರು. ಅರ್ಜಿಯಲ್ಲಿ ಮರದ ಜಾತಿ, ಸುತ್ತಳತೆ, ಸರ್ವೆ ನಂಬರು, ಕಾರಣ ಬರೆದೆವು. ಅದರ ಜೊತೆಗೆ ಇನ್ನೊಂದು ಹಾಳೆ ಲಗತ್ತಿಸಿದೆವು: ಈ ಮರದ ಕೆಳಗೆ ಐದು ಜನ ಮಲಗುತ್ತಾರೆ, ಹೆಸರು, ವಯಸ್ಸು ಹೀಗಿವೆ. ಸ್ಥಳಕ್ಕೆ ಬಂದ ಅಧಿಕಾರಿ ಪಂಚನಾಮೆಯಲ್ಲಿ ಅದನ್ನೂ ಸೇರಿಸಿದರು. ಆ ಕುಟುಂಬದ ಹೆಸರು ಆ ಊರಿನ ಸರ್ಕಾರಿ ಕಾಗದವೊಂದರಲ್ಲಿ ಬಂದದ್ದು ಅದೇ ಮೊದಲು. ಅನುಮತಿ ಮೇ ತಿಂಗಳ ಹೊತ್ತಿಗೆ ಕೈಗೆ ಬಂತು.

ಕಡಿಯುವ ಕ್ರಮವನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಇಂಥ ಕೆಲಸದಲ್ಲಿ ಮರದಷ್ಟೇ ಅವಸರವೂ ಜೀವ ತೆಗೆಯುತ್ತದೆ. ಮೊದಲ ದಿನ ಕುಟುಂಬದ ಸಾಮಾನನ್ನೆಲ್ಲ ದೊಡ್ಡ ಮನೆಗೆ ಸಾಗಿಸಿ ಶೆಡ್ಡನ್ನು ಖಾಲಿ ಮಾಡಿದೆವು. ಲೈನ್‌ಮನ್ ಬಂದು ಹತ್ತಿರದ ವಿದ್ಯುತ್ ತಂತಿಯನ್ನು ಬಂದ್ ಮಾಡಿದ. ಮರ ಎತ್ತರವಿದ್ದಷ್ಟರ ಎರಡು ಪಟ್ಟು ದೂರ ಹಗ್ಗ ಕಟ್ಟಿ ಯಾರೂ ಒಳಗೆ ಬಾರದಂತೆ ಮಾಡಿದರು. ಕೊಳೆತ ಮರ ಹತ್ತುವವನು ಅದೇ ಮರಕ್ಕೆ ತನ್ನನ್ನು ಕಟ್ಟಿಕೊಂಡರೆ ಮರದ ಜೊತೆಗೇ ಹೋಗುತ್ತಾನೆ. ಪಕ್ಕದಲ್ಲಿ ಗಟ್ಟಿಯಾದ ಐನ ಮರವಿತ್ತು, ನಮ್ಮ ಮಲೆನಾಡಿನವರು ಮತ್ತಿ ಎನ್ನುವುದು. ಹತ್ತಿದವನ ಸೊಂಟದ ಹಗ್ಗ ಅದರ ಮೇಲಿನ ಕವಲಿನಿಂದ ಬಂದಿತ್ತು. ತುದಿಯ ರೆಂಬೆಗಳಿಂದ ಶುರುಮಾಡಿ ಕೆಳಗಿಳಿಯುತ್ತ ಬಂದರು. ಪ್ರತಿ ಕೊಂಬೆಗೂ ಮೊದಲು ಹಗ್ಗ. ಆಮೇಲೆ ಅಡಿಯಿಂದ ಒಂದು ಸಣ್ಣ ಕೊಯ್ತ, ಸ್ವಲ್ಪ ಮುಂದೆ ಮೇಲಿನಿಂದ ಇನ್ನೊಂದು. ಅಡಿಯ ಕೊಯ್ತವಿಲ್ಲದೆ ಮೇಲಿನಿಂದಲೇ ಕೊಯ್ದರೆ ಕೊಂಬೆ ತನ್ನ ಭಾರಕ್ಕೆ ಹರಿದು ಕಾಂಡದ ಸಿಪ್ಪೆಯನ್ನೂ ಎಳೆದುಕೊಂಡು ಬರುತ್ತದೆ. ಕೆಳಗೆ ನಿಂತವರು ಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಸುತ್ತಿ, ಬಿಗಿ ಸಡಿಲಿಸುತ್ತ ಒಂದೊಂದೇ ಕೊಂಬೆಯನ್ನು ಇಳಿಸಿದರು.

ಉಳಿದ ಬೋಳು ಕಾಂಡವನ್ನು ಒಂದೇ ಸಲ ಉರುಳಿಸಬಹುದಿತ್ತಲ್ಲ ಎಂದು ನಮ್ಮಲ್ಲೊಬ್ಬರು ಕೇಳಿದರು. ಗಟ್ಟಿ ಮರವಾದರೆ ಸರಿ. ಬೀಳಬೇಕಾದ ಕಡೆ ಕಾಂಡದ ಕಾಲುಭಾಗದಷ್ಟು ಆಳಕ್ಕೆ ಬಾಯಿ ತೆರೆದಂಥ ಕಚ್ಚು ಹೊಡೆದು, ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ಹತ್ತನೇ ಒಂದು ಭಾಗದಷ್ಟು ಮರವನ್ನು ಕೊಯ್ಯದೆ ಬಿಡುತ್ತಾರೆ. ಆ ಪಟ್ಟಿಯೇ ಬಾಗಿಲಿನ ಕೀಲಿನಂತೆ ಕೆಲಸ ಮಾಡಿ ಮರವನ್ನು ಹೇಳಿದ ಕಡೆಗೆ ಮಲಗಿಸುತ್ತದೆ. ಕೊಯ್ಯುವವನು ಬೀಳುವ ದಿಕ್ಕಿಗೆ ಹಿಂದೆ ಓರೆಯಾಗಿ ಓಡಲು ದಾರಿ ಮೊದಲೇ ತೆರವು ಮಾಡಿಕೊಂಡಿರುತ್ತಾನೆ. ಟೊಳ್ಳು ಕಾಂಡದಲ್ಲಿ ಈ ಕೀಲು ನಿಲ್ಲುವುದಿಲ್ಲ. ಬಾಗಿದ ಮರವನ್ನು ಹಿಂದಿನಿಂದ ಸುಮ್ಮನೆ ಕೊಯ್ದರಂತೂ ಕಾಂಡ ಉದ್ದಕ್ಕೆ ಸೀಳಿ ಕೊಯ್ಯುವವನ ಎದೆಗೇ ಚಿಮ್ಮುತ್ತದೆ. ಅದಕ್ಕೇ ಮೇಲಿನಿಂದ ಮೊಳ ಮೊಳ ತುಂಡು ಮಾಡಿ ಇಳಿಸಿದರು. ಎರಡು ದಿನ ಹಿಡಿಯಿತು. ಬುಡದ ತುಂಡಿನಲ್ಲಿ ಗಟ್ಟಿ ಮರ ಉಳಿದದ್ದು ನಾಲ್ಕು ಬೆರಳು ದಪ್ಪ.

ಬೊಡ್ಡೆಯನ್ನು ಕೀಳಲಿ ಎಂದು ಜೆಸಿಬಿಯವನು ಕಾಯುತ್ತಿದ್ದ. ಬೇಡವೆಂದೆವು. ಹಿತ್ತಲು ಇಳಿಜಾರು. ಇದೇ ಪುಣೆ ಜಿಲ್ಲೆಯ ಅಂಬೇಗಾಂವ್ ತಾಲೂಕಿನ ಮಾಳಿನ್ ಹಳ್ಳಿ 2014ರ ಜುಲೈ 30ರ ಬೆಳಿಗ್ಗೆ ಗುಡ್ಡದ ಮಣ್ಣಿನಡಿ ಹೋಯಿತು, 150ಕ್ಕೂ ಹೆಚ್ಚು ಜನ ಸತ್ತರು. ಅಂಥ ದುರಂತಕ್ಕೆ ಕಾರಣ ಒಂದಲ್ಲ, ಹಲವು. ಆದರೂ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಸೀಮೆಯಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಇಳಿಜಾರನ್ನು ಅಗೆದು ಸಡಿಲ ಮಾಡಬಾರದು ಎನ್ನುವುದಕ್ಕೆ ಅಷ್ಟು ತಿಳಿವಳಿಕೆ ಸಾಕು. ಬೇರು ಕೊಳೆಯಲು ವರ್ಷಗಳು ಬೇಕು. ಅಷ್ಟರೊಳಗೆ ಶೆಡ್ಡಿನಿಂದ ದೂರಕ್ಕೆ ನೆಟ್ಟ ಕಸಿ ಗಿಡ ಬೇರು ಬಿಟ್ಟಿರುತ್ತದೆ.

ಮರ ಕಡಿಸಿದೆ ಎಂದರೆ ನಮ್ಮ ಪೀಳಿಗೆಯವರು ಸ್ವಲ್ಪ ಮುಜುಗರಪಡುತ್ತಾರೆ. 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿಯವರು ಕಾಡಿಗೆ ಹೋಗಿ ಮರ ತಬ್ಬಿ ನಿಂತ ಅಪ್ಪಿಕೋ ಚಳವಳಿಯನ್ನು ಓದಿ ಬೆಳೆದವರು ನಾವು. ಆದರೆ ಆ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’ ಎಂದಿತ್ತು. ಮರ ತಬ್ಬಿದವರು ಮರದ ಕೆಳಗೇ ಬದುಕುವವರಾಗಿದ್ದರು, ಯಾವುದನ್ನು ಉಳಿಸಬೇಕು, ಯಾವುದನ್ನು ಬಳಸಬೇಕು ಎಂದು ಹೇಳುವ ಹಕ್ಕನ್ನೇ ಅವರು ಕೇಳಿದ್ದು. ಇಂಡಿಯ ತಾಯಿ ಕೇಳಿದ್ದೂ ಅದನ್ನೇ. ಒಬ್ಬರಿಗೆ ಉತ್ತರ ಮರ ಉಳಿಸುವುದಾಯಿತು, ಇನ್ನೊಬ್ಬರಿಗೆ ತೆಗೆಯುವುದಾಯಿತು. ಪ್ರಶ್ನೆ ಒಂದೇ.

ಈ ಪತ್ರಿಕೆ ಓದುವವರಲ್ಲಿ ಬಹಳ ಜನ ಊರು ಬಿಟ್ಟು ಬಂದವರು. ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಹಾವೇರಿಯಲ್ಲೋ ನಿಮ್ಮ ಹೆಸರಿನ ಪಹಣಿ ಇದೆ. ಆ ಜಾಗದಲ್ಲಿ ಹಲಸೋ ಮಾವೋ ಅಜ್ಜ ನೆಟ್ಟ ತೆಂಗೋ ಇದೆ. ಅದರ ಕೆಳಗೆ ಅಪ್ಪ, ಅಮ್ಮ ಇಬ್ಬರೇ ಮಲಗುತ್ತಾರೆ, ಇಲ್ಲವೇ ತೋಟದ ಕೆಲಸದವರ ಮಕ್ಕಳು ಮಲಗುತ್ತಾರೆ. ಕಾನೂನಿನ ಕಣ್ಣಿಗೆ ಮುಂಬಯಿಯ ಆ ಮಾಲೀಕರ ಜಾಗದಲ್ಲಿರುವವರು ನೀವೇ. ಮರ ಕರ್ ಎನ್ನುವುದು ನಿಮಗೆ ಕೇಳಿಸುವುದಿಲ್ಲ. ಕೇಳಿಸಿಕೊಂಡವರು ನಿಮಗೆ ಹೇಳಲು ಹಿಂಜರಿಯುತ್ತಾರೆ, ಅಮ್ಮನಾದರೆ ಮಗನಿಗೆ ಯಾಕೆ ತೊಂದರೆ ಎಂದು, ಕೆಲಸದವರಾದರೆ ನಾವ್ಯಾರು ಎಂದು. ಅನುಮತಿಗೆ ವಾರಗಳು ಹಿಡಿಯುತ್ತವೆ, ಮಳೆ ಜೂನಿನಲ್ಲಿ ಬರುತ್ತದೆ. ಹಾಗಾಗಿ ವಿಚಾರಿಸಬೇಕಾದದ್ದು ಸಂಕ್ರಾಂತಿಯ ಹೊತ್ತಿಗೆ, ಫೋನು ಮಾಡಿದಾಗ ಒಂದು ಮಾತು ಹೆಚ್ಚಿಗೆ ಕೇಳಿದರಾಯಿತು: ರಾತ್ರಿ ಗಾಳಿ ಬಂದಾಗ ಯಾವ ಮರದ ಸದ್ದಿಗೆ ಎಚ್ಚರವಾಗುತ್ತದೆ?